ಬೆಳಕು ಬಿದ್ದರೆ ಬಾಗುವ ಪ್ಲಾಸ್ಟಿಕ್

ಪ್ರಶ್ನೆ: ಮೋಟಾರು, ಬ್ಯಾಟರಿ ಇಲ್ಲದೆ ಬರೀ ಬೆಳಕಿಗೆ ಅಲುಗಾಡುವ ಪ್ಲಾಸ್ಟಿಕ್ ಇದೆಯಂತೆ. ನಿಜವೇ? ಅದು ಹೇಗೆ?

ಉತ್ತರ: ನಿಜ. ಇಂಥ ಹಾಳೆಯ ಪಾಲಿಮರ್ ಸರಪಳಿಗೆ ಅಝೋಬೆಂಜೀನ್ ಎಂಬ ಅಣುಗಳನ್ನು ಜೋಡಿಸಿರುತ್ತಾರೆ. ಕಡ್ಡಿಯಂತೆ ನೀಳವಾದ ಈ ಅಣು ಅತಿನೇರಳೆ ಬೆಳಕು ಬಿದ್ದೊಡನೆ ನಡುವಿನಲ್ಲಿ ಮಡಚಿಕೊಳ್ಳುತ್ತದೆ, ಸುಮಾರು 0.9 ನ್ಯಾನೋಮೀಟರ್ ಇದ್ದ ಉದ್ದ 0.55ಕ್ಕೆ ಇಳಿಯುತ್ತದೆ. ಒಂದು ಅಣು ಕುಗ್ಗಿದರೆ ಏನೂ ಆಗದು. ಕೋಟ್ಯಂತರ ಅಣುಗಳು ಒಂದೇ ದಿಕ್ಕಿಗೆ ಸಾಲಾಗಿದ್ದು ಒಟ್ಟಿಗೆ ಕುಗ್ಗಿದಾಗ ಹಾಳೆಯೇ ಎಳೆತಕ್ಕೆ ಸಿಗುತ್ತದೆ.

ಸೊಗಸಿರುವುದು ಮುಂದಿನ ಹಂತದಲ್ಲಿ. ಬೆಳಕನ್ನೆಲ್ಲ ಮೇಲ್ಪದರವೇ ಹೀರಿಬಿಡುವುದರಿಂದ ಅದಷ್ಟೇ ಕುಗ್ಗುತ್ತದೆ, ಕೆಳಭಾಗ ಇದ್ದಷ್ಟೇ ಇರುತ್ತದೆ. ಹಾಗಾಗಿ ಹಾಳೆ ಬೆಳಕಿನತ್ತ ಬಾಗುತ್ತದೆ. 2003ರಲ್ಲಿ ಜಪಾನಿನ ತೊಮಿಕಿ ಇಕೆಡಾ ಅವರ ತಂಡ ಧ್ರುವೀಕರಿಸಿದ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ, ಬೆಳಕಿನ ಕಂಪನದ ದಿಕ್ಕನ್ನು ಬದಲಿಸಿ, ಒಂದೇ ಹಾಳೆಯನ್ನು ಬೇಕೆಂದ ಕಡೆಗೆ ಬಾಗಿಸಿ ತೋರಿಸಿತು. ಕಣ್ಣಿಗೆ ಕಾಣುವ ಬೆಳಕು ಹಾಯಿಸಿದರೆ ಅದು ಮತ್ತೆ ನೆಟ್ಟಗಾಗುತ್ತದೆ. ನನ್ನ ಮಟ್ಟಿಗೆ ಇದು ರಸಾಯನಶಾಸ್ತ್ರದ ಅತಿ ಚೆಂದದ ಪ್ರಯೋಗಗಳಲ್ಲೊಂದು.

ಶಾಖದಿಂದಲೂ ಚಲನೆ ಹುಟ್ಟಿಸಬಹುದು. ನಿಕ್ಕಲ್ ಮತ್ತು ಟೈಟೇನಿಯಂ ಬೆರೆತ ನಿಟಿನಾಲ್ ತಂತಿಯನ್ನು ಎಳೆದು ಉದ್ದ ಮಾಡಿ ಬಿಸಿ ಮಾಡಿದರೆ, ಒಳಗಿನ ಪರಮಾಣುಗಳ ಜೋಡಣೆ ಬದಲಾಗಿ ತಂತಿ ಮೊದಲಿನ ಉದ್ದಕ್ಕೆ ಮರಳುತ್ತದೆ. ಈ ಎಳೆತದ ಬಲ ದೊಡ್ಡದು, ಆದರೆ ತಂತಿ ಆರುವವರೆಗೆ ಮುಂದಿನ ಎಳೆತಕ್ಕೆ ಕಾಯಬೇಕು. ಕೂದಲೆಳೆಯಷ್ಟು ಸಣ್ಣ ತಂತಿ ಬೇಗ ಆರುತ್ತದೆ. ಪುಟ್ಟ ಯಂತ್ರಗಳಿಗೆ ಇದು ಒಗ್ಗುವುದು ಅದಕ್ಕೇ.