ಹಣಗೆರೆಕಟ್ಟೆಯಿಂದ ಮೊಬೈಲ್ ಪರದೆಗೆ: ಮಲೆನಾಡಿನ ಮತಸಂವಾದದ ಕೆಲವು ನೆಲೆಗಳು

ಮತಧರ್ಮಗಳ ನಡುವಣ ಸಂವಾದವೆಂದೊಡನೆ ನಮ್ಮ ಅಧ್ಯಯನಗಳು ಸಾಮಾನ್ಯವಾಗಿ ತತ್ತ್ವಗ್ರಂಥಗಳತ್ತ, ಇಲ್ಲವೇ ಸರ್ವಧರ್ಮ ಸಮ್ಮೇಳನಗಳ ವೇದಿಕೆಯತ್ತ ಹೊರಳುತ್ತವೆ. ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲೂಕುಗಳಲ್ಲಿ ಈ ಸಂವಾದ ಬಹುಮಟ್ಟಿಗೆ ಹರಕೆ, ಜಾತ್ರೆ, ವ್ಯಾಪಾರಗಳ ನೆಲೆಯಲ್ಲಿ ನಡೆದುಬಂದಿದೆ. ವಾಟ್ಸಾಪ್, ಫೇಸ್‌ಬುಕ್, ಯೂಟ್ಯೂಬ್‌ಗಳ ಬಳಕೆ ವ್ಯಾಪಕವಾದ ಮೇಲೆ ಅದು ಪಡೆಯುತ್ತಿರುವ ರೂಪಾಂತರವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತೀರ್ಥಹಳ್ಳಿ ತಾಲೂಕಿನ ಹಣಗೆರೆಕಟ್ಟೆಯಲ್ಲಿ ಹಜರತ್ ಸೈಯದ್ ಸಾದತ್ ದರ್ಗಾ ಹಾಗೂ ಭೂತರಾಯ-ಚೌಡೇಶ್ವರಿಯರ ಸನ್ನಿಧಿ ಒಂದೇ ಸೂರಿನಡಿ ಇವೆ. ಕಾಡಿನ ನಡುವಣ ಈ ತಾಣ ಮುಜರಾಯಿ ಇಲಾಖೆಯ ಆಡಳಿತಕ್ಕೆ ಒಳಪಟ್ಟಿದೆ. ಹಿಂದೂಗಳೂ ಮುಸ್ಲಿಮರೂ ಇಲ್ಲಿಗೆ ಬರುತ್ತಾರೆ. ಬರುವವರು ಪರಸ್ಪರರ ಧರ್ಮವನ್ನು ಅರಿಯಲೆಂದು ಬರುವುದಿಲ್ಲ. ಮೈಯ ಕಾಯಿಲೆ, ಮನೆಯ ಕಷ್ಟ ಹೊತ್ತು ಬರುತ್ತಾರೆ. ಪಕ್ಕದಲ್ಲಿ ನಿಂತವನದೂ ಅಂಥದೇ ಕಷ್ಟ ಎಂಬ ಅರಿವೇ ಇಲ್ಲಿನ ಸಂವಾದ. ಇಂಥ ಲೋಕಗಳತ್ತ ಕನ್ನಡ ಸಂಶೋಧನೆಯ ಗಮನವನ್ನು ಸೆಳೆದ ಕೃತಿಗಳಲ್ಲಿ ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ (1998) ಮುಖ್ಯವಾದುದು. ಹೊಸನಗರ ತಾಲೂಕಿನ ಹೊಂಬುಜದ ಪದ್ಮಾವತಿಗೆ ಜೈನೇತರರೂ ನಡೆದುಕೊಳ್ಳುವುದನ್ನು ಇದರೊಡನೆ ನೆನೆಯಬಹುದು.

ಇಂಥ ತಾಣಗಳ ಕುರಿತ ಕಥೆಗಳು ಮೌಖಿಕವಾಗಿ ಹರಿದಾಡುವಾಗ ಪಾಠಾಂತರಗಳು ಹುಟ್ಟುವುದು ಜಾನಪದದ ವಿದ್ಯಾರ್ಥಿಗಳಿಗೆ ಹೊಸತಲ್ಲ. ಆದರೆ ಪಾಠಾಂತರ ಹುಟ್ಟುವುದು ಮರೆವಿನಿಂದ ಮಾತ್ರವಲ್ಲ. ಹೇಳುವವನ ಎದುರಿಗೆ ಕೇಳುವವನ ಮುಖವಿರುತ್ತದೆ. ನೆರೆಮನೆಯ ಮುಸ್ಲಿಮನ ಎದುರು ಹೇಳುವಾಗ ಕಥೆಯ ಒಂದು ಮಾತು ಮೆದುವಾಗುತ್ತದೆ, ಒಂದು ವಿವರ ಬಿಟ್ಟುಹೋಗುತ್ತದೆ, ಕೆಲವೊಮ್ಮೆ ಕೇಳುವವನೇ ತಿದ್ದುತ್ತಾನೆ. ಈ ತಿದ್ದುಪಡಿಯನ್ನೇ ನಾನು ಸಂವಾದವೆಂದು ಕರೆಯಬಯಸುತ್ತೇನೆ. ವಾಟ್ಸಾಪ್‌ನಲ್ಲಿ ‘ಫಾರ್ವರ್ಡ್’ ಆಗುವ ಸಂದೇಶಕ್ಕೂ ಜನಪದ ಕಥೆಯಂತೆ ಕರ್ತೃವಿಲ್ಲ. ಆದರೆ ಅದು ಕೈಯಿಂದ ಕೈಗೆ ಹೋಗುವಾಗ ಒಂದಕ್ಷರವೂ ಬದಲಾಗುವುದಿಲ್ಲ. ಮೌಖಿಕ ಪರಂಪರೆಯ ಅನಾಮಿಕತೆ ಉಳಿದು, ಅದರ ಮುಲಾಜು ಮಾತ್ರ ಕಳೆದುಹೋದ ಪಠ್ಯವಿದು. ಬೆಂಗಳೂರಿನಲ್ಲಿಯೋ ಮತ್ತೆಲ್ಲಿಯೋ ಹುಟ್ಟಿದ ವಾಕ್ಯ ಹೊಸನಗರದ ಒಂಟಿಮನೆಯ ಜಗಲಿಗೆ ಹಾಗೆಯೇ ಬಂದಿಳಿಯುತ್ತದೆ. ಅದನ್ನು ಕೇಳಿ ಮುಖ ಸಣ್ಣ ಮಾಡಿಕೊಳ್ಳಬಹುದಾದವನು ಅಲ್ಲಿರುವುದಿಲ್ಲ.

ಇನ್ನೊಂದು ತೊಡಕು ಹೆಸರಿನದು. ಹಣಗೆರೆಕಟ್ಟೆಗೆ ಹೋಗುವವರಿಗೆ ಅದು ‘ಕಟ್ಟೆ’ ಎಂದಷ್ಟೇ ಗೊತ್ತಿದ್ದರೆ ಸಾಕಿತ್ತು. ಪರದೆಯ ಮೇಲಿನ ವೀಡಿಯೊಗೆ ಶೀರ್ಷಿಕೆ ಬೇಕು. ಶೀರ್ಷಿಕೆ ಕೊಟ್ಟೊಡನೆ ಅದು ದೇವಾಲಯವೋ ದರ್ಗಾವೋ, ಮೊದಲು ಯಾರದು, ಎಂಬ ಪ್ರಶ್ನೆಗಳು ಕೆಳಗಿನ ಅಭಿಪ್ರಾಯಗಳಲ್ಲಿ ಏಳುತ್ತವೆ. ‘ಸೌಹಾರ್ದದ ತಾಣ’ ಎಂದು ಹೊಗಳುವ ವೀಡಿಯೊಗಳೂ ಇದಕ್ಕೆ ಹೊರತಲ್ಲ. ಹೊಗಳಿಕೆಯೂ ಆ ತಾಣವನ್ನು ಒಂದು ವಾದದ ಸಾಕ್ಷಿಯಾಗಿಸುತ್ತದೆ. ಎದುರುವಾದ ತಾನಾಗಿ ಹುಟ್ಟುತ್ತದೆ. ಹೆಸರಿನ ವಿವಾದ ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ನೆರೆಯ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಕಣ್ಣೆದುರಿಗಿದೆ. ಅಲ್ಲಿನ ವಿವಾದ ಮೊಬೈಲ್‌ಗಿಂತ ಹಳೆಯದೆಂಬುದನ್ನೂ ಮರೆಯಬಾರದು. ಎಲ್ಲ ಹೊಣೆಯನ್ನೂ ಮಾಧ್ಯಮದ ಮೇಲೆ ಹೊರಿಸುವುದು ಸುಲಭದ ದಾರಿ.

2022ರ ಮಾರ್ಚ್‌ನಲ್ಲಿ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ಕೊಡಬಾರದೆಂಬ ಒತ್ತಾಯ ಎದ್ದು, ಅವರು ಹೊರಗುಳಿಯುವಂತಾಯಿತು. ಅದೇ ತಿಂಗಳು ಕಾಪುವಿನ ಮಾರಿಗುಡಿಯಲ್ಲಿಯೂ ಅಂಥದೇ ನಿರ್ಬಂಧ ಬಂತು. ಮುಜರಾಯಿ ಸಂಸ್ಥೆಗಳ ಸ್ಥಿರಾಸ್ತಿಯನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದೆಂಬ 2002ರ ನಿಯಮವನ್ನು ಆಗ ಆಧಾರವಾಗಿ ಮುಂದಿಡಲಾಯಿತು. ನಿಯಮ ಆಗಲೇ ಇಪ್ಪತ್ತು ವರ್ಷ ಹಳೆಯದಾಗಿತ್ತು. ಅದನ್ನು ಜಾತ್ರೆಯಿಂದ ಜಾತ್ರೆಗೆ ಬೇಗನೆ ಸಾಗಿಸುವುದರಲ್ಲಿ ಮೊಬೈಲ್‌ಗಳಲ್ಲಿ ಹರಿದ ಫಲಕಗಳ ಚಿತ್ರಗಳ ಪಾತ್ರ ಸಣ್ಣದಲ್ಲ. ಮೂರು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ನಡೆಯುವ ಸಾಗರದಂಥ ಊರಿಗೆ ಇದು ದೂರದ ಸುದ್ದಿಯಲ್ಲ. ಬಳೆ ತೊಡಿಸಿಕೊಳ್ಳಲು ಚಾಚಿದ ಕೈ, ಚೌಕಾಸಿ, ‘ಮನೆಯವರೆಲ್ಲ ಹೇಗಿದ್ದಾರೆ’ ಎಂಬ ವಿಚಾರಣೆ ಇವೆಲ್ಲ ಆ ಮಳಿಗೆಯೊಡನೆ ಹೋಗುತ್ತವೆ.

ಭಿನ್ನಮತವಿದ್ದೂ ಸಂವಾದ ನಡೆಯಬಲ್ಲದೆಂಬುದಕ್ಕೆ ಇದೇ ನೆಲದ ಹಳೆಯ ನಿದರ್ಶನವೊಂದಿದೆ. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಡನೆ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ, ಸಹಗಮನಕ್ಕೆ ಸಿದ್ಧಳಾಗಿದ್ದ ಹೆಂಗಸೊಬ್ಬಳನ್ನು ಕಂಡು, ದುಭಾಷಿಯ ಮೂಲಕ ಮಾತನಾಡಿ, ಬೇಡವೆಂದು ಒತ್ತಾಯಿಸಿದ. ಆಕೆ ಒಪ್ಪಲಿಲ್ಲ. ಕ್ಯಾಥೊಲಿಕನಾದ ಆತ ಆಕೆಯ ನಿರ್ಧಾರವನ್ನು ಮೆಚ್ಚದೆಯೂ ಆಕೆ ಕೊಟ್ಟ ಉತ್ತರಗಳನ್ನು ತನ್ನ ಗೆಳೆಯನಿಗೆ ಬರೆದ ಪತ್ರದಲ್ಲಿ ದಾಖಲಿಸಿದ. ಎದುರಾಳಿಯ ಮಾತಿಗೆ ತನ್ನ ಬರೆಹದಲ್ಲಿ ಜಾಗ ಕೊಡುವ ಈ ಕ್ರಮ ‘ಫಾರ್ವರ್ಡ್’ ಪಠ್ಯದ ರಚನೆಯಲ್ಲಿಯೇ ಇಲ್ಲ.

ವಾಟ್ಸಾಪ್ ಸಂಸ್ಥೆ 2018ರಲ್ಲಿ ಭಾರತದಲ್ಲಿ ಸಂದೇಶವೊಂದನ್ನು ಒಮ್ಮೆಗೆ 5 ಕಡೆಗೆ ಮಾತ್ರ ಕಳುಹಿಸಬಹುದೆಂದೂ, 2020ರಲ್ಲಿ ಹಲವು ಸಲ ಹಾದುಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಎಂದೂ ಮಿತಿಗೊಳಿಸಿತು. ಇದು ವೇಗಕ್ಕೆ ಹಾಕಿದ ಕಡಿವಾಣ. ಪಠ್ಯದ ಸ್ವರೂಪ ಹಾಗೆಯೇ ಉಳಿಯಿತು. ಒಂದೇ ಊರಿನವರ ಗುಂಪುಗಳ ಸ್ಥಿತಿ ತುಸು ಬೇರೆ. ಅಡಕೆ ಧಾರಣೆ, ಕರೆಂಟು ಹೋದದ್ದು, ಆಸ್ಪತ್ರೆಯಲ್ಲಿರುವವರಿಗೆ ಬೇಕಾದ ರಕ್ತ ಇಂಥ ವಿಷಯಗಳಲ್ಲಿ ಅಲ್ಲಿ ಮತಭೇದ ಅಡ್ಡಬರುವುದು ವಿರಳ. ನಾಳೆ ಸಂತೆಯಲ್ಲಿ ಎದುರಾಗಬೇಕಾದವರ ನಡುವೆ ಹಳೆಯ ಮುಲಾಜು ಇನ್ನೂ ಕೆಲಸಮಾಡುತ್ತದೆ.

ಹಾಡುಗಳನ್ನು, ಐತಿಹ್ಯಗಳನ್ನು ಧ್ವನಿಮುದ್ರಿಸಿಟ್ಟ ನಮ್ಮ ವಿಭಾಗಗಳು ಈ ಸಂದೇಶಗಳನ್ನೂ ಪಠ್ಯಗಳೆಂದು ಸಂಗ್ರಹಿಸಬೇಕಾಗಿದೆ. ಕಷ್ಟವೆಂದರೆ, ಕಳುಹಿಸಿದವರು ಮತ್ತು ಪಡೆದವರಲ್ಲದೆ ಬೇರೆಯವರು ಇವನ್ನು ಓದಲಾಗದು. ಸಂಶೋಧಕ ಇಲ್ಲಿ ಹೊರಗೆ ನಿಂತು ನೋಡುವವನಲ್ಲ, ಗುಂಪಿನ ಸದಸ್ಯ. ಇತರರ ಮಾತನ್ನು ದಾಖಲಿಸುವಾಗ, ಆ ಮಾತು ಬಂದ ದಿನ ತಾನು ಅದಕ್ಕೆ ಏನೂ ಉತ್ತರಿಸಲಿಲ್ಲವೆಂಬುದನ್ನೂ ಅವನು ದಾಖಲಿಸಬೇಕಾಗುತ್ತದೆ.