ಸ್ವಿಚ್ ಒತ್ತಿದರೆ ಉಕ್ಕುವ ಹೊಳೆ!

ಬಸ್ಸಿಗೆ ಕಾಯುವುದು ನಮಗೆಲ್ಲ ಗೊತ್ತು. ಗಿರಾಕಿಗೆ ಕಾಯುವುದೂ ಗೊತ್ತು. ಆದರೆ ಹೊಳೆ ದಂಡೆಯಲ್ಲಿ ಕುಳಿತು ಹೊಳೆ ಬರಲಿ ಎಂದು ಕಾದವರನ್ನು ಕಂಡಿದ್ದೀರಾ? 2016ರ ಡಿಸೆಂಬರಿನ ಒಂದು ಬೆಳಿಗ್ಗೆ ನಾವು ಐದು ಮಂದಿ ಜೋಯಿಡಾ ತಾಲೂಕಿನ ಗಣೇಶಗುಡಿಯಲ್ಲಿ, ತಲೆಗೆ ಹೆಲ್ಮೆಟ್ಟು, ಎದೆಗೆ ತೇಲುವ ಜಾಕೀಟು ಬಿಗಿದುಕೊಂಡು ಹಾಗೆ ಕುಳಿತಿದ್ದೆವು.

ಕರೆದುಕೊಂಡು ಹೋದವನು ಬಸ್ ಕಂಡಕ್ಟರ್ ಗೆಳೆಯ. ಜೊತೆಗೆ ಕಿರಾಣಿ ಅಂಗಡಿ ಸಾವಕಾರರು, ಕಟಿಂಗ್ ಶಾಪಿನ ತಮ್ಮ, ಸೈಕಲ್ ರಿಪೇರಿಯವನು, ಮತ್ತು ಈ ವರದಿಗಾರ. ಎದುರಿಗೆ ಕಾಳಿ ನದಿ. ನದಿ ಎಂದರೆ ಬರೀ ಬಂಡೆಗಲ್ಲು, ನಡುವೆ ಸುಮ್ಮನೆ ಹರಿಯುವ ತುಸು ನೀರು. ಇದರಲ್ಲಿ ರಬ್ಬರ್ ದೋಣಿ ಹೋಗುವುದು ಹೇಗೆ?

“ಇನ್ನೂ ಮಷಿನ್ ಚಾಲೂ ಆಗಿಲ್ರಿ” ಎಂದ ಗೈಡ್ ಹುಡುಗ.

ಸಂಗತಿ ಇಷ್ಟು. ಮೇಲುಗಡೆ ಇರುವುದು ಸೂಪಾ ಅಣೆಕಟ್ಟು, 101 ಮೀಟರ್ ಎತ್ತರದ್ದು. ಅದರ ಬುಡದಲ್ಲಿ ವಿದ್ಯುತ್ ಮನೆ, 50 ಮೆಗಾವಾಟಿನ ಎರಡು ಯಂತ್ರ. ಅವು ತಿರುಗಿದರೆ ನೀರು ಕೆಳಗೆ ಬರುತ್ತದೆ, ನಿಂತರೆ ಕಲ್ಲು ಕಾಣುತ್ತದೆ. ಮಳೆಗಾಲ ಮುಗಿದ ಮೇಲೆ ಇಲ್ಲಿ ಹೊಳೆಯ ಯಜಮಾನ ಮಳೆರಾಯನಲ್ಲ, ಕರೆಂಟು.

“ಅಂದ್ರ ನಮ್ಮ ಅಂಗಡ್ಯಾಗ ಫ್ಯಾನ್ ತಿರುಗಿದ್ರ ಇಲ್ಲಿ ಹೊಳಿ ಬರತೈತಿ ಅನ್ನು!” ಎಂದು ಸಾವಕಾರರು ನಕ್ಕರು. ಎಲ್ಲರೂ ನಕ್ಕೆವು, ಸೈಕಲ್ ಗೆಳೆಯನೊಬ್ಬನನ್ನು ಬಿಟ್ಟು. ಅವನು ಹುಟ್ಟಿದ್ದು ಹಳೇ ಸೂಪಾದಲ್ಲಿ. ಕಾಳಿಗೆ ಪಾಂಡ್ರಿ ಹೊಳೆ ಕೂಡುವ ಕಡೆ ಇದ್ದ ಊರು, ತಾಲೂಕಿಗೇ ಹೆಸರು ಕೊಟ್ಟ ಊರು. 1980ರ ದಶಕದಲ್ಲಿ ನೀರು ನಿಂತಾಗ ಊರು ಮುಳುಗಿತು. ಇವರ ಮನೆಯವರು ರಾಮನಗರಕ್ಕೆ ಗಂಟುಮೂಟೆ ಕಟ್ಟಿದರು. ಹೊಳೆ ದಂಡೆಯಲ್ಲಿ ಹುಟ್ಟಿದವನಿಗೆ ಈಸು ಬರುವುದಿಲ್ಲ! ಕಲಿಯುವ ವಯಸ್ಸಿಗೆ ಹೊಳೆ ದೂರವಾಗಿತ್ತು.

ಅಷ್ಟರಲ್ಲಿ ನೀರು ಬಂತು. ಸದ್ದು ಮೊದಲು, ಆಮೇಲೆ ನೀರು. ನೋಡನೋಡುತ್ತ ಕಲ್ಲುಗಳೆಲ್ಲ ಮಾಯ.

ಗೈಡ್ ಒಬ್ಬೊಬ್ಬರ ಜಾಕೀಟಿನ ಬೆಲ್ಟು ಎಳೆದು ಬಿಗಿದ, ಉಸಿರಾಡಲಿಕ್ಕೂ ಕಷ್ಟವಾಗುವಷ್ಟು. ನೀರಿಗೆ ಬಿದ್ದರೆ ಅಂಗಾತ ಮಲಗಿ ಕಾಲು ಮುಂದೆ ಮಾಡಬೇಕು, ಎದ್ದು ನಿಲ್ಲಲಿಕ್ಕೆ ಹೋಗಲೇಬಾರದು, ಪಾದ ಕಲ್ಲಿನ ಸಂದಿಯಲ್ಲಿ ಸಿಕ್ಕರೆ ನೀರೇ ಮನುಷ್ಯನನ್ನು ಬಗ್ಗಿಸಿ ಮುಳುಗಿಸುತ್ತದೆ ಎಂದ. ಈಸುಗಾರರು ಕೇಳಬೇಕಾದ ಇನ್ನೊಂದು ಮಾತೂ ಇದೆ. ಬಂಡೆಗೆ ಬಡಿದು ನೊರೆಯಾದ ನೀರು ಬೆಳ್ಳಗಿರುವುದು ಗಾಳಿ ಬೆರೆತದ್ದರಿಂದ. ಗಾಳಿ ತುಂಬಿದ ನೀರು ಮೈಯನ್ನು ಎತ್ತಿ ಹಿಡಿಯುವುದಿಲ್ಲ. ಕೆರೆಯಲ್ಲಿ ಹತ್ತು ಸುತ್ತು ಈಸುವ ಜಟ್ಟಿಯೂ ಅಲ್ಲಿ ಕಲ್ಲಿನ ಹಾಗೆ ಇಳಿದಾನು.

ಸಾವಕಾರರು ಇದನ್ನೆಲ್ಲ ತಲೆಯಾಡಿಸಿ ಕೇಳಿದರು. ಗೈಡ್ ಅತ್ತ ತಿರುಗಿದ ಕೂಡಲೇ ಕೆಳಗಿನ ಬೆಲ್ಟು ಸಡಿಲ ಮಾಡಿದರು. “ಹೊಟ್ಟಿ ಒತ್ತತೈತೋ ಮಾರಾಯಾ.” ನಾನು ನೋಡಿಯೂ ಸುಮ್ಮನಿದ್ದೆ. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ದಾರಿ ಸುಮಾರು 9 ಕಿಲೋಮೀಟರು. ಎರಡೂ ಕಡೆ ದಟ್ಟ ಕಾಡು, ಒಂದು ಮನೆ ಇಲ್ಲ, ಚಹದಂಗಡಿಯಂತೂ ಕನಸು. ಮೊದಲ ಎರಡು ಇಳಿಜಾರು ಹಬ್ಬದ ಹಾಗೆ ಕಳೆಯಿತು. ಮೂರನೆಯದರಲ್ಲಿ ದೋಣಿಯ ಮೂತಿ ಆಕಾಶ ನೋಡಿತು. ಗೈಡ್ “ಹಗ್ಗಾ ಹಿಡೀರಿ!” ಎಂದು ಕೂಗಿದ್ದು ಕೇಳಿಸಿತು. ಕಣ್ಣು ಬಿಟ್ಟಾಗ ಸಾವಕಾರರ ಜಾಗ ಖಾಲಿ.

ಹತ್ತು ಮಾರು ದೂರದಲ್ಲಿ ಒಂದು ಕಿತ್ತಳೆ ಜಾಕೀಟು. ಅದರೊಳಗೆ ತಲೆ ಕಾಣಲಿಲ್ಲ! ಸಡಿಲಾದ ಜಾಕೀಟು ಮೇಲಕ್ಕೇರಿ ಕಿವಿಯ ತನಕ ಬಂದಿತ್ತು, ಸಾವಕಾರರು ಅದರ ಕೆಳಗೆ ನೇತಾಡುತ್ತಿದ್ದರು. ಬಾಯಿ ಮೇಲೆ ಬರುತ್ತದೆ, ನೀರು ಕುಡಿಯುತ್ತದೆ, ಮತ್ತೆ ಇಲ್ಲ. “ಕಾಲು ಮುಂದ ಮಾಡ್ರಿ, ಕಾಲು!” ಎಂದು ಕಂಡಕ್ಟರ್ ಕಿರಿಚುತ್ತಿದ್ದ. ನನ್ನ ಕೈಯಲ್ಲಿದ್ದ ಹುಟ್ಟು ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ.

ಗೈಡ್ ದೋಣಿಯನ್ನು ಅಡ್ಡ ತಿರುಗಿಸಿ ಹತ್ತಿರ ತಂದ. ಕೈ ಚಾಚಿದವನು ಸೈಕಲ್ ಗೆಳೆಯ, ಅದೇ ಈಸು ಬಾರದವನು. ಕಟಿಂಗ್ ಶಾಪಿನ ತಮ್ಮ ಅವನ ಕಾಲ ಮೇಲೆ ಕುಳಿತ. ಜಾಕೀಟು ಎಳೆದರೆ ಬರೀ ಜಾಕೀಟೇ ಕಳಚಿ ಬರುತ್ತದೆಂದು ತಿಳಿದು, ಅವನು ಸಾವಕಾರರ ಕಂಕುಳಿಗೇ ಕೈ ಹಾಕಿ ಜಗ್ಗಿದ. ಪಂಕ್ಚರ್ ಟೈರು ಎಳೆದು ಪಳಗಿದ ಕೈ! ಸಾವಕಾರರು ಮೀನಿನಂತೆ ದೋಣಿಯೊಳಗೆ ಬಿದ್ದರು, ಚಸ್ಮಾ ಇಲ್ಲ. ಕೆಮ್ಮು ನಿಂತ ಮೇಲೆ ಅವರು ಮಾಡಿದ ಮೊದಲ ಕೆಲಸ ಕೆಳಗಿನ ಬೆಲ್ಟು ಬಿಗಿದುಕೊಂಡದ್ದು.

ಉಳಿದ ದಾರಿಯಲ್ಲಿ ಯಾರೂ ಮಾತಾಡಲಿಲ್ಲ. ನೀರೂ ಮುಂದೆ ಮೆತ್ತಗಾಯಿತು. ಅದಕ್ಕೂ ಪುರಸೊತ್ತಿಲ್ಲವೆನ್ನಿ: ದಾಂಡೇಲಿ ದಾಟಿ ಬೊಮ್ಮನಹಳ್ಳಿ ಅಣೆಕಟ್ಟು, ಅಲ್ಲಿಂದ ನಾಗಝರಿಯಲ್ಲಿ ಮತ್ತೆ ಕರೆಂಟು. ಕಾರವಾರದ ಸಮುದ್ರ ಸೇರುವ ತನಕ ದುಡಿಮೆಯೇ.

“ಬಿದ್ದದ್ದು ಪೇಪರಿನಾಗ ಹಾಕಬ್ಯಾಡಪಾ, ಗಿರಾಕಿಗೋಳು ನಗತಾರ” ಎಂದು ಸಾವಕಾರರು ಬಸ್ಸಿನಲ್ಲಿ ಮೂರು ಸಲ ಹೇಳಿದರು. ಹೆಸರು ಹಾಕಿಲ್ಲ, ಅಷ್ಟು ಮಟ್ಟಿಗೆ ಮಾತು ಉಳಿಸಿಕೊಂಡಿದ್ದೇನೆ.

ಹಿಂದಿನ ಸೀಟಿನಲ್ಲಿ ಸೈಕಲ್ ಗೆಳೆಯ ರಾಮನಗರಕ್ಕೆ, ತಾಯಿಗೆ, ಫೋನು ಹಚ್ಚಿದ್ದ. ಬಸ್ಸಿನ ಗದ್ದಲಕ್ಕೆ ಮುದುಕಿಯ ದನಿ ನಮಗೂ ಕೇಳುವಷ್ಟು ಜೋರಾಗಿತ್ತು.

“ಡ್ಯಾಮಿನ ಹತ್ರ ಹೋಗಿದ್ದೇನು? ಊರು ಏನರ ಕಂಡಿತೇನೋ?”

“ಇಲ್ಲಬೇ. ನೀರು ಭಾಳ ಐತಿ.”