ಏಪ್ರಿಲ್ ಒಂದರ ಗಡುವು: ಪೆಟ್ರೋಲ್ ಸ್ಪೋರ್ಟ್ಸ್ ಕಾರಿನ ಮುಂದಿನ ದಾರಿ

ರೋಣ, ನರಗುಂದ ಮತ್ತು ಗಜೇಂದ್ರಗಡದ ರಸ್ತೆಗಳಲ್ಲಿ ಸ್ಪೋರ್ಟ್ಸ್ ಕಾರು ಕಣ್ಣಿಗೆ ಬೀಳುವುದು ಅಪರೂಪ. ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯಲ್ಲಿ ನರಗುಂದವನ್ನು ದಾಟಿ ಹೋಗುವ ಯಾವುದೋ ಒಂದು ಕಾರಿನ ಸದ್ದಿಗೆ ಚಹಾದಂಗಡಿಯ ಮುಂದೆ ಕುಳಿತವರು ತಲೆಯೆತ್ತಿ ನೋಡಬಹುದು, ಅಷ್ಟೆ. ಆದರೂ ಈ ಕಾರುಗಳ ಭವಿಷ್ಯವನ್ನು ನಿರ್ಧರಿಸುತ್ತಿರುವ ಹೊಗೆ ನಿಯಮಗಳೇ ನಮ್ಮ ಊರುಗಳ ದ್ವಿಚಕ್ರ ವಾಹನ ಮಾರಾಟಗಾರರ, ಬಿಡಿಭಾಗ ವ್ಯಾಪಾರಿಗಳ ಹಾಗೂ ಗ್ಯಾರೇಜುಗಳ ಲೆಕ್ಕಪುಸ್ತಕವನ್ನೂ ತಿದ್ದುತ್ತಿವೆ. ಆದುದರಿಂದ ಈ ವಿಷಯವನ್ನು ಶ್ರೀಮಂತರ ಆಟಿಕೆಯ ಸುದ್ದಿಯೆಂದು ಬದಿಗಿಡುವಂತಿಲ್ಲ.

ನಮ್ಮ ಭಾಗದವರಿಗೆ ವೇಗದ ವಾಹನವೆಂದರೆ ಬಹುಕಾಲ ಮೋಟಾರ್ ಸೈಕಲ್ಲೇ ಆಗಿತ್ತು. ಮೈಸೂರಿನಲ್ಲಿ 1960ರ ದಶಕದ ಆರಂಭದಲ್ಲಿ ಉತ್ಪಾದನೆ ತೊಡಗಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಅನಂತರದ ಯೆಜ್ಡಿ, ಅದರ ಬಳಿಕ 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಇವೆಲ್ಲ ಎರಡು ಹೊಡೆತದ, ಅಂದರೆ ಟೂ-ಸ್ಟ್ರೋಕ್ ಎಂಜಿನ್ನಿನ ಬಂಡಿಗಳು. ಈ ಎಂಜಿನ್ನಿನಲ್ಲಿ ಸುಟ್ಟ ಹೊಗೆ ಹೊರಹೋಗುವ ದ್ವಾರವೂ ಹೊಸ ಪೆಟ್ರೋಲ್ ಮಿಶ್ರಣ ಒಳಬರುವ ದ್ವಾರವೂ ಒಂದಿಷ್ಟು ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಪರಿಣಾಮವಾಗಿ ಸುಡದ ಪೆಟ್ರೋಲಿನ ಒಂದು ಪಾಲು ನೇರವಾಗಿ ಸೈಲೆನ್ಸರಿನ ಮೂಲಕ ಹೊರಬೀಳುತ್ತದೆ. ಅದರೊಂದಿಗೆ ಬೆರೆಸಿದ ಎಣ್ಣೆಯೂ ಸುಟ್ಟು ನೀಲಿ ಹೊಗೆಯಾಗುತ್ತದೆ. ಆ ಬಂಡಿಯ ಚುರುಕಿಗೂ ಆ ಹೊಗೆಗೂ ಮೂಲ ಒಂದೇ. ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಹೆಚ್ಚು ಮೈಲೇಜು ಕೊಡುವ ಜಪಾನಿ ತಂತ್ರಜ್ಞಾನದ 100 ಸಿ.ಸಿ. ಬಂಡಿಗಳ ಪೈಪೋಟಿಯೂ ಇದ್ದುದರಿಂದ ಅದಕ್ಕೆ ಹೊಗೆ ನಿಯಮವೊಂದನ್ನೇ ಹೊಣೆ ಮಾಡಲಾಗದು. ಆದರೆ 1996ರ ಹಾಗೂ 2000ದ ಕಟ್ಟುನಿಟ್ಟಿನ ಮಿತಿಗಳ ಮುಂದೆ ಆ ಮಾದರಿಯ ಎಂಜಿನ್ನಿಗೆ ಉಳಿಗಾಲ ಕಡಿಮೆಯಿತ್ತೆಂಬುದು ನಿಜ.

ಸಣ್ಣ ತಯಾರಕನ ಲೆಕ್ಕ

ಕರ್ನಾಟಕಕ್ಕೆ ಸಂಬಂಧಿಸಿದ ಸ್ಪೋರ್ಟ್ಸ್ ಕಾರೊಂದು ಇತ್ತೆಂಬುದು ಅನೇಕ ಓದುಗರಿಗೆ ಆಶ್ಚರ್ಯವೆನಿಸಬಹುದು. ರೈಲು ಎಂಜಿನ್ನುಗಳನ್ನು ತಯಾರಿಸುವ ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಸಂಸ್ಥೆಯ ಬಳಗವು 1990ರ ದಶಕದ ಕೊನೆಯಲ್ಲಿ 'ಸ್ಯಾನ್ ಸ್ಟಾರ್ಮ್' ಎಂಬ ಎರಡು ಬಾಗಿಲಿನ ಪೆಟ್ರೋಲ್ ಕಾರನ್ನು ಹೊರತಂದಿತು. ಮೈ ಫೈಬರ್ ಗ್ಲಾಸಿನದು. ಎಂಜಿನ್ ಫ್ರಾನ್ಸಿನ ರೆನೋ ಕಂಪನಿಯ 1.2 ಲೀಟರಿನದು, ಶಕ್ತಿ ಸುಮಾರು 60 ಅಶ್ವಶಕ್ತಿ. ಇಂದು ಅದು ತಯಾರಾಗುತ್ತಿಲ್ಲ. ಎಂಜಿನ್ನನ್ನು ಹೊರಗಿನಿಂದ ತರುವ ಇಂಥ ಸಣ್ಣ ತಯಾರಕನು ಪ್ರತಿಯೊಂದು ಹೊಸ ನಿಯಮ ಬಂದಾಗಲೂ ಎಂಜಿನ್ ಒದಗಿಸುವ ಕಂಪನಿಯ ಮುಖ ನೋಡಬೇಕಾಗುತ್ತದೆ.

ಇಲ್ಲಿ ಸದಸ್ಯರು ಗಮನಿಸಬೇಕಾದ ವಿಚಾರವೊಂದಿದೆ. ಹೊಗೆ ನಿಯಮವು ಕಾರಿನ ವೇಗವನ್ನು ಅಳೆಯುವುದಿಲ್ಲ. ಅದು ಹೇರುವ ಖರ್ಚು ಮಾತ್ರ ಕಾರುಗಳ ಸಂಖ್ಯೆಗೆ ತಕ್ಕಂತೆ ಇಳಿಯುವುದೂ ಇಲ್ಲ. ಉದಾಹರಣೆಗೆ, ಒಂದು ಎಂಜಿನ್ನನ್ನು ಹೊಸ ಮಿತಿಗೆ ಹೊಂದಿಸಿ, ಪರೀಕ್ಷೆ ಮಾಡಿಸಿ, ಪ್ರಮಾಣಪತ್ರ ಪಡೆಯಲು ಹತ್ತು ಕೋಟಿ ರೂಪಾಯಿ ಬೇಕೆಂದು ಭಾವಿಸೋಣ. ಒಂದು ಲಕ್ಷ ಕಾರು ಮಾರುವವನಿಗೆ ಅದು ಕಾರೊಂದಕ್ಕೆ ಸಾವಿರ ರೂಪಾಯಿ. ಐದು ನೂರು ಕಾರು ಮಾರುವವನಿಗೆ ಎರಡು ಲಕ್ಷ ರೂಪಾಯಿ. ನಮ್ಮ ಸಣ್ಣ ಕೈಗಾರಿಕೆಗಳವರಿಗೆ ಈ ಲೆಕ್ಕ ಹೊಸದೇನಲ್ಲ.

ಕೊಯಮತ್ತೂರಿನ ಜೇಯೆಮ್ ಆಟೊಮೋಟಿವ್ಸ್ ಸಂಸ್ಥೆಯು ಟಾಟಾ ಮೋಟಾರ್ಸ್ ಜೊತೆ ಸಮಪಾಲಿನಲ್ಲಿ ಕೈಜೋಡಿಸಿ 2018ರ ಅಕ್ಟೋಬರಿನಲ್ಲಿ ಟಿಯಾಗೊ ಜೆಟಿಪಿ ಮತ್ತು ಟಿಗೋರ್ ಜೆಟಿಪಿ ಎಂಬ ಚುರುಕಿನ ಪೆಟ್ರೋಲ್ ಕಾರುಗಳನ್ನು ತಂದಿತ್ತು. ಟಿಯಾಗೊ ಜೆಟಿಪಿಯ ಆರಂಭಿಕ ಬೆಲೆ 6.39 ಲಕ್ಷ ರೂಪಾಯಿ, ಶಕ್ತಿ 114 ಅಶ್ವಶಕ್ತಿ. ಮಧ್ಯಮ ವರ್ಗದ ಯುವಕನ ಕೈಗೆಟುಕುವಂತಿದ್ದ ಈ ಕಾರುಗಳು ಭಾರತ್ ಸ್ಟೇಜ್ 6 ಜಾರಿಗೆ ಬಂದ 2020ರಲ್ಲಿ ನಿಂತುಹೋದವು. ಮಾರುತಿ ಸುಜುಕಿಯ ಬಲೆನೊ ಆರ್‌ಎಸ್ ಕೂಡ ಅದೇ ಹೊತ್ತಿಗೆ ಮರೆಯಾಯಿತು. ಅಂದರೆ ನಿಯಮದ ಪೆಟ್ಟು ಮೊದಲು ಬಿದ್ದುದು ಕೋಟಿ ಬೆಲೆಯ ಕಾರಿಗಲ್ಲ, ಅಗ್ಗದ ವೇಗದ ಕಾರಿಗೆ.

ವಿದೇಶದಲ್ಲಿಯೂ ಹೀಗೆಯೇ. ಮಜ್ದಾ ಕಂಪನಿಯ ರೋಟರಿ ಎಂಜಿನ್ನಿನ ಆರ್‌ಎಕ್ಸ್-8 ಕಾರು ಯೂರೋ 5 ಮಿತಿಯನ್ನು ಮುಟ್ಟಲಾಗದೆ 2010ರಲ್ಲಿ ಯೂರೋಪಿನ ಮಾರುಕಟ್ಟೆಯನ್ನು ತೊರೆಯಿತು. ಲ್ಯಾಂಬೋರ್ಗಿನಿಯಂಥ ಸಂಸ್ಥೆಯಾದರೋ ಹತ್ತು ಸಿಲಿಂಡರಿನ ಎಂಜಿನ್ನನ್ನು ಕೈಬಿಟ್ಟು, 2024ರ ಟೆಮೆರಾರಿಯೊ ಕಾರಿಗೆ ಎಂಟು ಸಿಲಿಂಡರಿನ ಎಂಜಿನ್ನಿನೊಂದಿಗೆ ವಿದ್ಯುತ್ ಮೋಟಾರುಗಳನ್ನು ಜೋಡಿಸಿತು. ಅದರ ಗಿರಾಕಿ ಹೆಚ್ಚಿದ ಬೆಲೆಗೆ ಅಂಜುವವನಲ್ಲ. ಯೂರೋಪಿನ ಇಂಗಾಲ ನಿಯಮದಲ್ಲಿ ವರ್ಷಕ್ಕೆ ಸಾವಿರಕ್ಕಿಂತ ಕಡಿಮೆ ಕಾರು ಮಾರುವವರಿಗೆ ವಿನಾಯಿತಿಯೂ ಉಂಟು. 2035ರಿಂದ ಹೊಸ ಕಾರುಗಳ ಇಂಗಾಲದ ಹೊಗೆ ಪೂರ್ತಿ ಶೂನ್ಯವಾಗಬೇಕೆಂದು 2023ರಲ್ಲಿ ಅಲ್ಲಿ ಕಾನೂನಾಯಿತು. 2025ರ ಡಿಸೆಂಬರಿನಲ್ಲಿ ಯೂರೋಪಿಯನ್ ಆಯೋಗವೇ ಆ ಗುರಿಯನ್ನು ಶೇ. 90ರ ಕಡಿತಕ್ಕೆ ಸಡಿಲಿಸುವ ಪ್ರಸ್ತಾವ ಮಂಡಿಸಿತು. ದೊಡ್ಡ ಉದ್ಯಮದ ಮಾತಿಗೆ ಗಡುವುಗಳು ಬಾಗುತ್ತವೆ. ಸಣ್ಣ ವರ್ತಕನ ಪಾಲಿಗೆ ಬಾಗಿದ್ದನ್ನು ನಾವು ಕಂಡಿದ್ದು ಕಡಿಮೆ.

ಮಾರ್ಚ್ 29ರ ತೀರ್ಪು

ಈ ಮಾತಿಗೆ 2017ರ ಅನುಭವವೇ ಸಾಕ್ಷಿ. ಭಾರತ್ ಸ್ಟೇಜ್ 4 ನಿಯಮವು ಆ ವರ್ಷ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬರಲಿತ್ತು. ಹಿಂದಿನ ಬದಲಾವಣೆಗಳಲ್ಲಿ, ಗಡುವಿಗೆ ಮೊದಲು ತಯಾರಾದ ವಾಹನಗಳನ್ನು ಬಳಿಕವೂ ಮಾರಲು ಅವಕಾಶವಿತ್ತು. ಈ ಬಾರಿಯೂ ಹಾಗೆಯೇ ಎಂದು ವಹಿವಾಟು ನಂಬಿತ್ತು. ಆದರೆ ಸರ್ವೋಚ್ಚ ನ್ಯಾಯಾಲಯವು ಮಾರ್ಚ್ 29ರಂದು, ತಯಾರಿಕೆಯ ದಿನಾಂಕ ಯಾವುದೇ ಇರಲಿ, ಸ್ಟೇಜ್ 4ಕ್ಕೆ ಹೊಂದದ ವಾಹನವನ್ನು ಏಪ್ರಿಲ್ 1ರಿಂದ ಮಾರಕೂಡದೆಂದು ಆದೇಶಿಸಿತು. ಆಗ ದೇಶದಲ್ಲಿ ಮಾರಾಟವಾಗದೆ ಉಳಿದಿದ್ದ ಸ್ಟೇಜ್ 3 ವಾಹನಗಳು ಸುಮಾರು 8.24 ಲಕ್ಷ, ಅವುಗಳಲ್ಲಿ 6.71 ಲಕ್ಷ ದ್ವಿಚಕ್ರ ವಾಹನಗಳು. ಉಳಿದ ಎರಡು ದಿನಗಳಲ್ಲಿ ಕೆಲವು ದ್ವಿಚಕ್ರ ವಾಹನಗಳ ಮೇಲೆ 20,000 ರೂಪಾಯಿಗೂ ಮೀರಿದ ರಿಯಾಯಿತಿ ಘೋಷಣೆಯಾಗಿ, ಮಳಿಗೆಗಳ ಮುಂದೆ ಜನ ಸಾಲುಗಟ್ಟಿ ನಿಂತರು.

ಸ್ಟೇಜ್ 5ನ್ನು ಬಿಟ್ಟು ನೇರವಾಗಿ ಸ್ಟೇಜ್ 6ಕ್ಕೆ ಜಿಗಿಯುವಾಗ ನ್ಯಾಯಾಲಯವು 2018ರ ಅಕ್ಟೋಬರಿನಲ್ಲಿಯೇ ಎಚ್ಚರಿಕೆ ಕೊಟ್ಟಿತ್ತು. ಅಷ್ಟಾಗಿಯೂ 2020ರ ಮಾರ್ಚ್ ಕೊನೆಯ ವಾರದಲ್ಲಿ ಲಾಕ್‌ಡೌನ್ ಬಂದು ಮಳಿಗೆಗಳೇ ಮುಚ್ಚಿದವು. ದಾಸ್ತಾನಿನ ಶೇ. 10ರಷ್ಟನ್ನು ಮಾರಲು ಕೊಟ್ಟ ಅನುಮತಿಯನ್ನೂ ನ್ಯಾಯಾಲಯವು ಜುಲೈನಲ್ಲಿ ಹಿಂದಕ್ಕೆ ಪಡೆಯಿತು. ತಾಲ್ಲೂಕು ಮಟ್ಟದ ಉಪ ಮಾರಾಟಗಾರನು ಕೊನೆಯ ತ್ರೈಮಾಸಿಕದಲ್ಲಿ ಕಂಪನಿಯ ಗುರಿ ಪೂರೈಸಲು ಮಾಲು ಎತ್ತುವ ಮುನ್ನ, ಹಿಂದಿರುಗಿಸುವ ಷರತ್ತನ್ನು ಬರವಣಿಗೆಯಲ್ಲಿ ಪಡೆಯಬೇಕೆಂಬುದು ಈ ಲೇಖಕನ ಅಭಿಪ್ರಾಯ.

ಇನ್ನು ಕಾರು ತಯಾರಕರ ಮೇಲೆ ಮತ್ತೊಂದು ಕಟ್ಟಳೆಯಿದೆ. 2017-18ರಿಂದ ಒಂದು ಕಂಪನಿ ಮಾರುವ ಎಲ್ಲ ಕಾರುಗಳ ಇಂಗಾಲದ ಡೈಆಕ್ಸೈಡಿನ ಸರಾಸರಿಯನ್ನು ಲೆಕ್ಕಹಾಕಲಾಗುತ್ತಿದೆ. ಮೊದಲ ಹಂತದಲ್ಲಿ ಕಿಲೋಮೀಟರಿಗೆ ಸುಮಾರು 130 ಗ್ರಾಂ ಇದ್ದ ಮಿತಿ 2022-23ರಿಂದ 113 ಗ್ರಾಮಿಗೆ ಇಳಿಯಿತು. ವಿದ್ಯುತ್ ಕಾರುಗಳನ್ನು ಚೆನ್ನಾಗಿ ಮಾರುವ ಕಂಪನಿಯು ತನ್ನ ಪಟ್ಟಿಯಲ್ಲಿ ಒಂದೆರಡು ಬಿರುಸಿನ ಪೆಟ್ರೋಲ್ ಕಾರುಗಳನ್ನು ಉಳಿಸಿಕೊಳ್ಳಬಲ್ಲದು. ಬರಿಯ ಪೆಟ್ರೋಲ್ ಸ್ಪೋರ್ಟ್ಸ್ ಕಾರನ್ನೇ ನೆಚ್ಚಿದ ಕಂಪನಿಗೆ ಆ ಆಸರೆಯಿಲ್ಲ. ತೆರಿಗೆಯ ಒಲವೂ ಅತ್ತಲೇ. 2025ರ ಸೆಪ್ಟೆಂಬರ್ 22ರ ಪರಿಷ್ಕರಣೆಯ ಅನಂತರ ದೊಡ್ಡ ಪೆಟ್ರೋಲ್ ಕಾರಿಗೆ ಜಿ.ಎಸ್.ಟಿ. ಶೇ. 40, ವಿದ್ಯುತ್ ಕಾರಿಗೆ ಶೇ. 5.

ಗಾಳಿ, ಗೋವಿನಜೋಳ ಮತ್ತು ಗ್ಯಾರೇಜು

ಪೆಟ್ರೋಲ್ ಎಂಜಿನ್ನನ್ನು ಉಳಿಸಿಕೊಳ್ಳಲು ಇಂಧನವನ್ನೇ ಬದಲಿಸುವ ಯತ್ನವೂ ನಡೆದಿದೆ. ಪೋರ್ಷೆ ಕಂಪನಿಯ ಸಹಭಾಗಿತ್ವದಲ್ಲಿ ಚಿಲಿ ದೇಶದ ದಕ್ಷಿಣ ತುದಿಯಲ್ಲಿ 2022ರ ಡಿಸೆಂಬರಿನಲ್ಲಿ ಆರಂಭವಾದ ಘಟಕವೊಂದು ಗಾಳಿಯ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ, ಅದರಿಂದ ದೊರೆತ ಜಲಜನಕವನ್ನು ಇಂಗಾಲದ ಡೈಆಕ್ಸೈಡಿನೊಂದಿಗೆ ಕೂಡಿಸಿ ಪೆಟ್ರೋಲ್ ತಯಾರಿಸುತ್ತದೆ. ಗಜೇಂದ್ರಗಡದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ದಿನವೂ ನೋಡುವ ನಮಗೆ ಈ ಸುದ್ದಿ ಆಸೆ ಹುಟ್ಟಿಸುವುದು ಸಹಜ. ಆದರೆ ಗಾಳಿಯ ವಿದ್ಯುತ್ತನ್ನು ನೇರವಾಗಿ ಬ್ಯಾಟರಿಗೆ ತುಂಬಿದರೆ ಸಾಗುವ ದೂರದ ಒಂದು ಪಾಲನ್ನಷ್ಟೇ ಈ ಸುತ್ತುದಾರಿಯ ಪೆಟ್ರೋಲಿನಿಂದ ಕ್ರಮಿಸಬಹುದು. ಅಷ್ಟು ನಷ್ಟ ಸಹಿಸಿ ಅದನ್ನು ಕೊಳ್ಳಬಲ್ಲವನು ಸ್ಪೋರ್ಟ್ಸ್ ಕಾರಿನ ಒಡೆಯನೇ ಹೊರತು ಟಂಟಂ ಓಡಿಸುವವನಲ್ಲ.

ನಮ್ಮಲ್ಲಿ ಹತ್ತಿರದ ದಾರಿ ಎಥೆನಾಲಿನದು. ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ 2025ರ ಹೊತ್ತಿಗೆ ದೇಶದ ಸಾಮಾನ್ಯ ಇಂಧನವಾಯಿತು. ನಮ್ಮ ಹೊಲಗಳ ಗೋವಿನಜೋಳವು ಕಬ್ಬಿನಂತೆಯೇ ಅದಕ್ಕೆ ಕಚ್ಚಾವಸ್ತು. ಎಥೆನಾಲ್ ಹೆಚ್ಚು ಒತ್ತಡ ತಾಳಬಲ್ಲ ಇಂಧನವಾದುದರಿಂದ, ಅದಕ್ಕೆಂದೇ ಹೊಂದಿಸಿದ ಬಿರುಸಿನ ಎಂಜಿನ್ನಿಗೆ ಅನುಕೂಲಕರವೂ ಹೌದು. ಆದರೆ ಹಳೆಯ ವಾಹನಗಳಲ್ಲಿ ಮೈಲೇಜು ಇಳಿಯುತ್ತದೆ. ರಬ್ಬರಿನ ಕೊಳವೆ, ಸೀಲುಗಳು ಬೇಗ ಹಾಳಾಗುವ ಸಂಭವವೂ ಇದೆ.

ಬಿಡಿಭಾಗ ವ್ಯಾಪಾರಿಗೆ ಇದೊಂದು ಸುಳಿವು. ಎಥೆನಾಲ್ ತಾಳುವ ಕೊಳವೆ ಮತ್ತು ಸೀಲುಗಳಿಗೆ ಮುಂದಿನ ಕೆಲವು ವರ್ಷ ಬೇಡಿಕೆ ಇದ್ದೇ ಇರುತ್ತದೆ. ಕಾರ್ಬೊರೇಟರಿನ ಕಥೆ ಬೇರೆ: ಸ್ಟೇಜ್ 6ರ ಅನಂತರ ಹೊಸ ದ್ವಿಚಕ್ರ ವಾಹನಗಳು ಬಹುಪಾಲು ಫ್ಯೂಯೆಲ್ ಇಂಜೆಕ್ಷನ್‌ಗೆ ಹೊರಳಿರುವುದರಿಂದ, ಅದರ ಗಿರಾಕಿಗಳು ಹಳೆಯ ಬಂಡಿಗಳ ಮಾಲೀಕರು ಮಾತ್ರ. ಆರ್‌ಎಕ್ಸ್ 100, ಯೆಜ್ಡಿಗಳನ್ನು ಮಕ್ಕಳಂತೆ ಸಾಕುವವರು ಇರುವವರೆಗೂ ಆ ಮಾಲಿಗೆ ಒಳ್ಳೆಯ ಬೆಲೆಯೇ ಸಿಗುತ್ತದೆ, ಆದರೆ ನಿಧಾನವಾಗಿ ಮಾರಾಟವಾಗುತ್ತದೆ. ಸಾಲದ ಹಣದಲ್ಲಿ ತುಂಬಿಡುವ ಸರಕು ಅದಲ್ಲ. ಹೊಸ ಬಂಡಿಯ ದೋಷವನ್ನು ಕಿವಿಗೊಟ್ಟು ಕೇಳಿ ಹೇಳುವ ಕಾಲವೂ ಮುಗಿಯುತ್ತ ಬಂದಿದೆ. ಆಮ್ಲಜನಕದ ಸೆನ್ಸರಿನಿಂದ ಹಿಡಿದು ಇಂಜೆಕ್ಟರಿನವರೆಗೆ ಎಲ್ಲವನ್ನೂ ಸ್ಕ್ಯಾನರ್ ಜೋಡಿಸಿಯೇ ಓದಬೇಕು. ಒಂದೊಂದು ಗ್ಯಾರೇಜಿಗೂ ಈ ಉಪಕರಣ ಭಾರವೆನಿಸಿದರೆ, ಮೂರೂ ಊರುಗಳ ಮೆಕ್ಯಾನಿಕ್ಕರು ನಾಲ್ಕಾರು ಜನ ಸೇರಿ ಒಂದನ್ನು ಕೊಂಡು ಸರದಿಯಂತೆ ಬಳಸಲು ಅಡ್ಡಿಯೇನಿಲ್ಲ.